ಅರ್ಜಿಗೆ ಮುಂಚೆ ಒಂದು ಕಾಗದ

ಮೈಸೂರು,
ವಿಜಯನಗರ 4ನೇ ಹಂತ

ಪ್ರೀತಿಯ ತಮ್ಮನಿಗೆ,

ನಿಮ್ಮ ಭಾವನ ಮಂಡಿನೋವು ಮೋಡ ಕವಿದರೆ ಜಾಸ್ತಿ, ಬಿಸಿಲು ಬಂದರೆ ಕಡಿಮೆ, ಪೂರ್ತಿ ಗುಣವಂತೂ ಇಲ್ಲ. ನೀನು ಹೋದ ಸಲ ತಂದುಕೊಟ್ಟ ಕಾಫಿಪುಡಿ ಮುಗಿಯುತ್ತಾ ಬಂತು. ವಾಟ್ಸಾಪಿನಲ್ಲಿ ನಾನು ಉದ್ದಕ್ಕೆ ಬರೆದರೆ ನೀನು ಹೆಬ್ಬೆರಳೊಂದನ್ನು ತೋರಿಸಿ ಮುಗಿಸಿಬಿಡುತ್ತೀಯ. ಈ ಸಲದ ವಿಷಯ ಹೆಬ್ಬೆರಳಿಗೆ ಮುಗಿಯುವಂಥದ್ದಲ್ಲ, ಅದಕ್ಕೇ ಕಾಗದ ಹಿಡಿದು ಕೂತೆ.

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ನನ್ನ ಕೈಯಲ್ಲಿ ಒಂದು ಅರ್ಜಿ ಬರೆಸುತ್ತಿದ್ದಾರೆ. ಪೊಲೀಸ್ ಕಮಿಷನರ್ ಅವರಿಗೆ, ಪ್ರತಿ ಚಾಮರಾಜಪುರದ ಆರ್‌ಟಿಓ ಕಚೇರಿಗೆ. ‘ನಮ್ಮ ಬಡಾವಣೆಯ ರಸ್ತೆಗಳಲ್ಲಿ ಡ್ರೈವಿಂಗ್ ಸ್ಕೂಲಿನ ವಾಹನಗಳನ್ನು ಸಂಪೂರ್ಣವಾಗಿ ನಿಷೇಧಿಸಬೇಕು’ ಎನ್ನುವುದು ಒಕ್ಕಣೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಕಾಗುಣಿತ ತಪ್ಪುವುದಿಲ್ಲ ಅಂತ ನನ್ನನ್ನು ಆರಿಸಿದ್ದಾರೆ. ಹಾಸನದಲ್ಲಿ ನನ್ನ ತಮ್ಮನೇ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ ಅನ್ನುವುದು ಅವರಿಗೆ ಗೊತ್ತಿಲ್ಲ. ಮುಚ್ಚಿಡುವ ಉದ್ದೇಶ ನನಗಿಲ್ಲ, ಮುಂದಿನ ಸಭೆಯಲ್ಲಿ ಹೇಳಿಬಿಡುತ್ತೇನೆ. ಅದಕ್ಕೆ ಮುಂಚೆ ನಿನ್ನ ಹತ್ತಿರ ಮಾತಾಡಬೇಕು. ಜಗಳವಾಡಬೇಕು ಅಂದರೂ ಸರಿ.

ಮೊದಲು ನಮ್ಮ ರಸ್ತೆಯ ಸಮಾಚಾರ. ನೀನು ಬಂದಾಗೆಲ್ಲ ಮಧ್ಯಾಹ್ನ ಬಂದು ಊಟ ಮಾಡಿ ಹೊರಟುಬಿಡುತ್ತೀಯ, ಇಲ್ಲಿನ ಬೆಳಗಿನ ಜಾತ್ರೆ ನೋಡಿಲ್ಲ. ನಲವತ್ತು ಅಡಿ ರಸ್ತೆ. ಒಂದು ಮನೆ, ಪಕ್ಕದಲ್ಲಿ ಎರಡು ಖಾಲಿ ಸೈಟು, ಎದೆಯೆತ್ತರದ ಪಾರ್ಥೇನಿಯಂ, ಆಮೇಲೆ ಇನ್ನೊಂದು ಮನೆ. ಸಿಟಿ ಬಸ್ಸು ಒಳಗೆ ಬರುವುದಿಲ್ಲ. ಲಾರಿ ಬಂದರೆ ಎಂಸ್ಯಾಂಡ್ ಸುರಿಯಲಿಕ್ಕೆ ಮಾತ್ರ. ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗಬೇಕು? ಆರು ಗಂಟೆಗೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಷ್ಟರಲ್ಲಿ ಮೊದಲ ಕಾರು ಬಂದಿರುತ್ತದೆ. “ಕ್ಲಚ್ ಪೂರ್ತಿ ಒತ್ತಿ ಮೇಡಂ. ಫಸ್ಟ್ ಹಾಕಿ. ಈಗ ಕ್ಲಚ್ ಬಿಡ್ತಾ ಬನ್ನಿ, ನಿಧಾನ, ನಿಧಾ...” ಅನ್ನುವಷ್ಟರಲ್ಲಿ ಕಾರು ಒಂದು ಸಲ ಎಗರಿ ಆಫ್. ಅದರ ಹಿಂದೆ ಇನ್ನೊಂದು ಸ್ಕೂಲಿನ ಕಾರು, ಅದರ ಹಿಂದೆ ಹಾಲಿನವನ ಬೈಕು. ಅಡುಗೆಮನೆ ಕಿಟಕಿಯಿಂದ ಕೇಳಿ ಕೇಳಿ ನನಗೆ ಪಾಠ ಬಾಯಿಪಾಠವಾಗಿದೆ. ಕಾರಿನಲ್ಲಿ ಕೂರಿಸಿದರೆ ಹಾಫ್ ಕ್ಲಚ್ಚಿನಲ್ಲಿ ಚಾಮುಂಡಿ ಬೆಟ್ಟ ಹತ್ತಿಸಿಬಿಡುತ್ತೇನೋ ಏನೋ.

ಒಂದೆರಡು ಕಾರಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಕಡೆಯ ಸ್ಕೂಲುಗಳೆಲ್ಲ ಇದೇ ನಾಲ್ಕು ರಸ್ತೆಗೆ ಬರುವುದರಿಂದ ಎಂಟೂವರೆಯವರೆಗೂ ಸಾಲು ತಪ್ಪುವುದಿಲ್ಲ. ಮಕ್ಕಳ ಸ್ಕೂಲ್ ವ್ಯಾನ್ ಬರುವುದೂ ಅದೇ ಹೊತ್ತಿಗೆ, ಸೊಪ್ಪಿನವಳ ತಳ್ಳುಗಾಡಿ ಬರುವುದೂ ಅದೇ ಹೊತ್ತಿಗೆ. ನಮ್ಮ ಎದುರು ಮನೆಯ ಯಜಮಾನರು ಎಂಬತ್ತು ದಾಟಿದವರು. ಕಿವಿ ಮಂದ. ವಾಕರ್ ಹಿಡಿದು ಮೂಲೆಯ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಬರುವುದು ಅವರಿಗೆ ಡಾಕ್ಟರು ಹೇಳಿದ ವ್ಯಾಯಾಮ. ಈಗ ಗೇಟಿನೊಳಗೇ ಮೂರು ಸುತ್ತು ಹಾಕಿ ಕೂತುಬಿಡುತ್ತಾರೆ. ಅವರು ಸಭೆಯಲ್ಲಿ ಹೇಳಿದ ಮಾತನ್ನು ನಿನಗೆ ಹಾಗೇ ಹೇಳುತ್ತೇನೆ, ನಿನ್ನ ಸಿಟ್ಟು ಸ್ವಲ್ಪ ಇಳಿಯಲಿ: “ಕಲಿತ ಡ್ರೈವರ್ ಜೋರಾಗಿ ಬಂದರೂ ಎತ್ತ ಹೋಗ್ತಾನೆ ಅಂತ ನನಗೆ ಅಂದಾಜು ಸಿಗುತ್ತೆ. ಕಲಿಯೋರ ಕಾರು ಎತ್ತ ತಿರುಗುತ್ತೆ ಅನ್ನೋದು ಕಲಿಯೋರಿಗೇ ಗೊತ್ತಿರಲ್ಲ.” ಇದಕ್ಕೆ ಏನು ಉತ್ತರ ಕೊಡುತ್ತೀಯ?

ಅವರ ಭಯ ಬರೀ ಮುದುಕರ ಭಯ ಅಂತ ತಳ್ಳಿಹಾಕಬೇಡ. ಲೆಕ್ಕ ಹಾಕಿ ನೋಡು. ಇಪ್ಪತ್ತು ಕಿಲೋಮೀಟರ್ ವೇಗ ಅಂದರೆ ನಿನಗೆ ನಡಿಗೆಯಂತೆ ಕಾಣಬಹುದು, ಆದರೆ ಸೆಕೆಂಡಿಗೆ ಐದೂವರೆ ಮೀಟರ್. ಇಲ್ಲಿನದು ಮೂವತ್ತು-ನಲವತ್ತರ ಸೈಟು, ಮನೆ ಮುಂಭಾಗ ಒಂಬತ್ತು ಮೀಟರ್. ಗಾಬರಿಯಾದ ಹೊಸಬರು ಬ್ರೇಕ್ ಯಾವುದು ಎಂದು ಕಾಲಲ್ಲಿ ಹುಡುಕುವ ಎರಡು ಸೆಕೆಂಡಿನಲ್ಲಿ ಒಂದು ಮನೆ ದಾಟಿ ಪಕ್ಕದ ಮನೆಯ ಗೇಟಿಗೆ ಬಂದಿರುತ್ತಾರೆ. ಆ ಗೇಟಿನಿಂದ ಚೆಂಡಿನ ಹಿಂದೆ ಮಗು ಓಡಿಬರುವುದಕ್ಕೂ ಎರಡು ಸೆಕೆಂಡು ಸಾಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಕೇಂದ್ರ ಸಾರಿಗೆ ಸಚಿವಾಲಯದ್ದೇ ಅಂಕಿ ಇದು. ಅವರನ್ನು ಕೊಂದದ್ದು ಎಲ್ ಬೋರ್ಡಿನ ಕಾರುಗಳು ಅಂತ ನಾನು ಹೇಳುತ್ತಿಲ್ಲ. ಕಾಲ್ನಡಿಗೆಯವರಿಗೆ ಈ ದೇಶದಲ್ಲಿ ಉಳಿದಿರುವ ಜಾಗ ಎಷ್ಟು ಸಣ್ಣದು ಅಂತ ಹೇಳುತ್ತಿದ್ದೇನೆ. ಮನೆಮುಂದಿನ ರಸ್ತೆ ಅದರಲ್ಲಿ ಕಡೆಯದು.

ಇನ್ನು ಅರ್ಜಿಯ ತನಕ ಬಂದ ಕಥೆ. ಹೋದ ತಿಂಗಳು ಒಂದು ಭಾನುವಾರ ಹಿಂದಿನ ಕ್ರಾಸಿನಲ್ಲಿ ಒಂದು ಕಾರು ಕೆರ್ರನೆ ಹೋಗಿ ನಿಂತಿದ್ದ ಸ್ಕೂಟರನ್ನು ತಳ್ಳಿಕೊಂಡು ಕಾಂಪೌಂಡಿಗೆ ಗುದ್ದಿತು. ಗೇಟಿನ ಕಂಬ ಬಿತ್ತು. ಸೊಪ್ಪಿನವಳು ಆಗಷ್ಟೇ ಅಲ್ಲಿಂದ ಗಾಡಿ ತಳ್ಳಿಕೊಂಡು ಮುಂದೆ ಹೋಗಿದ್ದಳು, ಅದು ಅವಳ ಪುಣ್ಯ, ಊರಿನ ಪುಣ್ಯ. ಯಾರಿಗೂ ಪೆಟ್ಟಾಗಲಿಲ್ಲ. ಮಾರನೆಯ ದಿನ ಸಂಜೆಯೇ ಸಂಘದ ಸಭೆ ಸೇರಿತು. ಎಲ್ಲರ ಬಾಯಲ್ಲೂ ಡ್ರೈವಿಂಗ್ ಸ್ಕೂಲುಗಳದ್ದೇ ಹೆಸರು.

ಆ ಕಾರು ಡ್ರೈವಿಂಗ್ ಸ್ಕೂಲಿನದಾಗಿರಲಿಲ್ಲ ಕಣೋ! ಹೊಸ ಆಟೋಮ್ಯಾಟಿಕ್ ಕಾರು, ಎಲ್ ಬೋರ್ಡೂ ಇಲ್ಲ. ಅಪ್ಪ ಮಗನಿಗೆ ಕಲಿಸುತ್ತಿದ್ದ. ಬ್ರೇಕ್ ಅಂದುಕೊಂಡು ಹುಡುಗ ಆಕ್ಸಿಲರೇಟರ್ ಒತ್ತಿದ್ದಾನೆ, ಅಪ್ಪನಿಗೆ ಕೂಗುವುದು ಬಿಟ್ಟರೆ ಬೇರೆ ಉಪಾಯ ಇರಲಿಲ್ಲ. ನೀನು ಹಿಂದೊಮ್ಮೆ ಹೇಳಿದ್ದು ನನಗೆ ನೆನಪಿದೆ, ಹಳೆಯ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿನ ಕಡ್ಡಿ ಎರಡು ಸೀಟಿನ ನಡುವೆ ಇರುತ್ತಿತ್ತು, ಪಕ್ಕದಲ್ಲಿ ಕೂತವರು ಎಳೆಯಬಹುದಿತ್ತು, ಈಗ ಎಷ್ಟೋ ಕಾರುಗಳಲ್ಲಿ ಅದು ಒಂದು ಗುಂಡಿ ಆಗಿಬಿಟ್ಟಿದೆ ಅಂತ. ನಿನ್ನ ಕಾರಿನಲ್ಲಿ ಎಡಗಡೆ ನಿನ್ನ ಕಾಲಡಿಗೂ ಕ್ಲಚ್ಚು, ಬ್ರೇಕು ಇವೆ. ಕಲಿಯುವವರು ಏನೇ ಮರೆತರೂ ನಿನ್ನ ಕಾಲು ಮರೆಯುವುದಿಲ್ಲ. ಸ್ಕೂಲಿನ ಕಾರಿಗೆ ಆ ಎರಡನೆಯ ಬ್ರೇಕು ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಕಲಿಸುವವರು ಹತ್ತನೇ ತರಗತಿ ಪಾಸಾಗಿರಬೇಕು, ಅವರಿಗೆ ಐದು ವರ್ಷದ ಡ್ರೈವಿಂಗ್ ಅನುಭವ ಬೇಕು, ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟು ಬೇಕು. ನೀನು ಅದಕ್ಕಾಗಿ ಅಲೆದದ್ದನ್ನು ನಾನು ನೋಡಿದ್ದೇನಲ್ಲ. ಅಪ್ಪನಿಗೆ ಇವ್ಯಾವುದೂ ಬೇಡ, ಒಂದು ಡಿಎಲ್ ಇದ್ದರೆ ಸಾಕು. ನಿಯಮ 3ರಲ್ಲಿ, ಪಕ್ಕದಲ್ಲಿ ಕೂತವರು ವಾಹನವನ್ನು ಹಿಡಿತಕ್ಕೆ ತರುವ ಅಥವಾ ನಿಲ್ಲಿಸುವ ಸ್ಥಿತಿಯಲ್ಲಿ ಕೂತಿರಬೇಕು ಅಂತಿದೆ. ಎಡಗಡೆ ಸೀಟಿನಲ್ಲಿ ಬರಿಗೈಲಿ ಕೂತ ಅಪ್ಪ ಹೇಗೆ ನಿಲ್ಲಿಸುತ್ತಾನೆ ಅಂತ ಕೇಳಿದವರಿಲ್ಲ.

ಸಭೆಯಲ್ಲಿ ನಾನು ಇದನ್ನು ಎತ್ತಿದೆ. “ಅವರು ನಮ್ಮ ಬಡಾವಣೆಯವರೇ ಅಲ್ವಾ, ಕಂಬ ಕಟ್ಟಿಸಿ ಕೊಡ್ತಾರೆ ಬಿಡಿ” ಅಂದರು. ಸ್ಕೂಲಿನ ಕಾರಿನ ಮೇಲಾದರೆ ಹೆಸರು, ವಿಳಾಸ, ಫೋನ್ ನಂಬರು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, ಹಾಗೆ ಬರೆಯಿಸಬೇಕು ಅನ್ನುವುದೂ ನಿಯಮವೇ. ಹೆಸರು ಬರೆದುಕೊಂಡು ಬಂದವರ ಮೇಲೆ ದೂರು ಕೊಡುವುದು ಸುಲಭ. ನೆರೆಮನೆಯವರ ಮೇಲೆ ಕೊಟ್ಟರೆ ನಾಳೆ ಗೃಹಪ್ರವೇಶಕ್ಕೆ ಮುಖ ನೋಡಬೇಕಲ್ಲ.

ಇನ್ನೊಂದು ಕೇಳು. ಅರ್ಜಿಗೆ ಮೊದಲ ಸಹಿ ತಾವೇ ಹಾಕುತ್ತೇವೆ ಅಂತ ಮುಂದೆ ಬಂದವರ ಮನೆಯ ಹುಡುಗ ಇನ್ನೂ ಮೊದಲ ಪಿಯುಸಿ. ಟ್ಯೂಷನ್ನಿಗೆ ಹೋಗುವುದು ಸ್ಕೂಟರಿನಲ್ಲಿ, ಹಿಂದೆ ಇಬ್ಬರು ಗೆಳೆಯರು. ಹದಿನಾರು ತುಂಬಿದವರಿಗೆ 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ ಮಾತ್ರ ಲೈಸೆನ್ಸು, ಅಂಥ ಪೆಟ್ರೋಲ್ ಗಾಡಿ ಈಗ ಅಂಗಡಿಯಲ್ಲಿ ಎಲ್ಲಿದೆ? ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಕಲಂ ಸೇರಿಸಿದರು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸು ಇಲ್ಲ. ಇದನ್ನು ನಾನು ಗಟ್ಟಿಯಾಗಿ ಓದಿ ಹೇಳಿದಾಗ ಸಭೆಯಲ್ಲಿ ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ಇಷ್ಟು ಓದಿ ನೀನು ಮೀಸೆ ತಿರುವುತ್ತಿರಬಹುದು, ಅಕ್ಕ ನನ್ನ ಪರ ಅಂತ. ತಡಿ. ನಿನ್ನ ಪರವಾಗಿಯೂ ನನಗೆ ಒಂದು ಮಾತಿದೆ, ನಿನ್ನ ವಿರುದ್ಧವಾಗಿ ನಾಲ್ಕಿವೆ.

ನಿನ್ನ ಪರವಾದದ್ದನ್ನು ಮೊದಲು ಹೇಳುತ್ತೇನೆ. ಪಕ್ಕದ ಕ್ರಾಸಿನಲ್ಲಿ ಒಬ್ಬರು ಮೇಡಂ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಗ ದೂರದೇಶದಲ್ಲಿ. ಹೊತ್ತಿಲ್ಲದ ಹೊತ್ತಿನಲ್ಲಿ ಆಟೋ ಬುಕ್ ಮಾಡಿದರೆ ಒಪ್ಪಿಕೊಂಡು ಆಮೇಲೆ ರದ್ದು ಮಾಡುತ್ತಾರೆ. ಮನೆಯಲ್ಲಿ ಕಾರು ನಿಂತಿದೆ, ಓಡಿಸುವವರಿಲ್ಲ. ಅವರು ಈ ವಯಸ್ಸಿನಲ್ಲಿ ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡು ಕಲಿಯಲು ಶುರು ಮಾಡಿದರು. ಮೊದಲ ವಾರ ಒಂದು ಸ್ಕೂಲಿನವನು ನೇರವಾಗಿ ಹುಣಸೂರು ರಸ್ತೆಗೆ ಕರೆದುಕೊಂಡು ಹೋದನಂತೆ. ಕಾರು ಆಫ್ ಆಗಿ ನಿಂತಾಗ ಹಿಂದಿನಿಂದ ಬಸ್ಸಿನ ಹಾರ್ನು, ಪಕ್ಕದಿಂದ ಬೈಕಿನ ಹುಡುಗರ ಬಾಯಿ. ‘ಅಜ್ಜಿ, ಮನೆಗೋಗಿ ಮುದ್ದೆ ಮಾಡಿ’ ಅಂದರಂತೆ. ಅವತ್ತು ಕಣ್ಣೀರು ಹಾಕಿಕೊಂಡು ಬಂದವರು ಹದಿನೈದು ದಿನ ಸ್ಟೇರಿಂಗ್ ಮುಟ್ಟಲಿಲ್ಲ. ಆಮೇಲೆ ಬೇರೆ ಸ್ಕೂಲಿಗೆ ಸೇರಿ ನಮ್ಮ ರಸ್ತೆಯಲ್ಲೇ ಕಲಿತರು. ಈಗ ಆಸ್ಪತ್ರೆಗೆ ತಾವೇ ಓಡಿಸಿಕೊಂಡು ಹೋಗುತ್ತಾರೆ. ನಮ್ಮ ಅರ್ಜಿ ಇರುವ ಹಾಗೇ ಮಂಜೂರಾದರೆ ಅವರಂಥ ಇನ್ನೊಬ್ಬರಿಗೆ ಬಾಗಿಲು ಮುಚ್ಚಿದ ಹಾಗೆ. ಗಂಡಸರಾದರೆ ಗೆಳೆಯರ ಗಾಡಿ, ಮಾವನ ಗಾಡಿ ಅಂತ ಎಲ್ಲೋ ಕಲಿತುಬಿಡುತ್ತಾರೆ. ನಲವತ್ತು, ಐವತ್ತು ದಾಟಿದ ಹೆಂಗಸರಿಗೆ ಡ್ರೈವಿಂಗ್ ಸ್ಕೂಲು ಬಿಟ್ಟರೆ ಬೇರೆ ದಾರಿಯಿಲ್ಲ, ನೋಡುವವರಿಲ್ಲದ ರಸ್ತೆ ಬಿಟ್ಟರೆ ಬೇರೆ ಧೈರ್ಯವಿಲ್ಲ. ಇದನ್ನು ಸಂಘದ ಗಂಡಸರಿಗೆ ಅರ್ಥ ಮಾಡಿಸುವುದು ನನ್ನ ಕೆಲಸ. ಮಾಡಿಸುತ್ತೇನೆ.

ಈಗ ನಿನ್ನ ಸರದಿ.

ಮೊದಲನೆಯದು ಜಾಗ. ಮನೆಮುಂದಿನ ರಸ್ತೆ ಕಲಿಕೆಯ ನಡುವಿನ ದಿನಗಳಿಗೆ ಸರಿ. ಮೊದಲ ದಿನಕ್ಕೆ ಸರಿಯಲ್ಲ. ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಕಾಲಿಗೆ ಗೊತ್ತಾಗುವ ಮೊದಲೇ ಕಾರನ್ನು ಮಕ್ಕಳು ಆಡುವ ಜಾಗಕ್ಕೆ ತರುತ್ತೀರಲ್ಲ, ನೀನೊಬ್ಬನೇ ಅಲ್ಲ, ನೀವೆಲ್ಲರೂ, ಅದನ್ನು ನಾನು ಒಪ್ಪುವುದಿಲ್ಲ. ನೀನು ಎಲ್ಲಿ ಕಲಿತೆ ಹೇಳು? ನಮ್ಮೂರಿನ ಸಂತೆಮಾಳದಲ್ಲಿ. ಸಂತೆ ವಾರಕ್ಕೊಂದು ದಿನ, ಮಿಕ್ಕ ದಿನವೆಲ್ಲ ಖಾಲಿ ಬಯಲು. ಚಿಕ್ಕಪ್ಪನ ಜೀಪನ್ನು ಎತ್ತ ತಿರುಗಿಸಿದರೂ ಗುದ್ದುವುದಕ್ಕೆ ಒಂದು ಹುಣಸೇಮರ ಬಿಟ್ಟರೆ ಬೇರೇನೂ ಇರಲಿಲ್ಲ. ಬೇಸಿಗೆಯಲ್ಲಿ ಕೆರೆ ಅಂಗಳ ಇತ್ತು. ಸ್ಟೇರಿಂಗು ಕೈಗೆ ಹತ್ತಿದ ಮೇಲೆ ಚಿಕ್ಕಪ್ಪ ನಿನ್ನನ್ನು ರಸ್ತೆಗೆ ಬಿಟ್ಟರು. ಈಗ ಸಂತೆಮಾಳದ ಅರ್ಧಕ್ಕೆ ಬಸ್‌ಸ್ಟ್ಯಾಂಡ್ ಬಂದಿದೆ, ಮಿಕ್ಕರ್ಧಕ್ಕೆ ಮಳಿಗೆಗಳು. ಗೋಮಾಳಗಳು ಬಡಾವಣೆಗಳಾದವು. ಬಯಲು ಮಾಯವಾದಾಗ ಕಲಿಯುವವರು ಎಲ್ಲಿ ಹೋಗಬೇಕು ಅಂತ ಬಡಾವಣೆ ಮಾಡಿದವರು ಯೋಚಿಸಲಿಲ್ಲ. ನಕಾಶೆಯಲ್ಲಿ ಪಾರ್ಕಿಗೆ ಜಾಗ ಇದೆ, ನಾಗರಿಕ ಸೌಲಭ್ಯದ ನಿವೇಶನ ಇದೆ, ಲಕ್ಷಗಟ್ಟಲೆ ಗಾಡಿಗಳಿರುವ ಊರಿನಲ್ಲಿ ಗಾಡಿ ಕಲಿಯುವ ಜಾಗ ಮಾತ್ರ ಇಲ್ಲ.

ನೀನು ಏನು ಹೇಳುತ್ತೀಯ ಗೊತ್ತು. ಅರ್ಧ ಗಂಟೆಯ ಕ್ಲಾಸು, ಮೈದಾನ ಇರುವ ಕಡೆ ಹೋಗಿ ಬರುವುದಕ್ಕೇ ಇಪ್ಪತ್ತು ನಿಮಿಷ, ಪೆಟ್ರೋಲು ಯಾರಪ್ಪನ ಮನೆಯಿಂದ ಬರಬೇಕು ಅಂತ. ನಿಜ. ನಿಯಮದಲ್ಲಿ ಇರುವುದೂ ಇಷ್ಟೇ: ಕಡಿಮೆಯೆಂದರೆ 21 ದಿನದ ತರಬೇತಿ, ಅದರಲ್ಲಿ ಗಾಡಿ ಓಡಿಸಿದ್ದು ಹತ್ತು ಗಂಟೆಯಾದರೂ ಇರಬೇಕು. ದಿನಕ್ಕೆ ಅರ್ಧ ಗಂಟೆಯಂತೆ 21 ದಿನ ಅಂದರೆ ಹತ್ತೂವರೆ. ಅಷ್ಟನ್ನಾದರೂ ಪೂರ್ತಿ ಓಡಿಸಲು ಕೊಡುತ್ತೀರಾ? ನಮ್ಮ ರಸ್ತೆಗೆ ಬರುವ ಕಾರುಗಳಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರು ಕಾಯುತ್ತಾ ಕೂತಿರುತ್ತಾರೆ. ಮೂವರಿಗೆ ಒಂದು ಗಂಟೆ. ಯಾರು ಎಷ್ಟು ಗಂಟೆ ಓಡಿಸಿದರು ಅಂತ ಬರೆದಿಡಲು ಫಾರಂ 15 ಅಂತ ಒಂದು ರಿಜಿಸ್ಟರ್ ಇದೆಯಲ್ಲ, ಅದನ್ನು ದಿನದಿನವೇ ತುಂಬುವ ಸ್ಕೂಲು ಎಷ್ಟಿವೆಯೋ ನಿನಗೇ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಡ. ಕಲಿಯುವವರೂ ಕಮ್ಮಿಯವರಲ್ಲ. ಎಲ್‌ಎಲ್ ಪರೀಕ್ಷೆಯನ್ನು ಈಗ ಆಧಾರ್ ತೋರಿಸಿ ಮನೆಯಲ್ಲೇ ಕೂತು ಬರೆಯಬಹುದು. ಅದಾದ ಮೂವತ್ತು ದಿನ ಕಳೆದ ಮೇಲೆ ಡಿಎಲ್ ಟೆಸ್ಟು. ಕಾಯುವುದು ಬರೀ ಮೂವತ್ತು ದಿನ ಅನ್ನುವುದೇ ಅವರ ತಲೆಯಲ್ಲಿ, ಎಲ್‌ಎಲ್‌ಗೆ ಆರು ತಿಂಗಳ ಅವಧಿ ಇದೆ, ನಿಧಾನವಾಗಿ ಕಲಿಯೋಣ ಅನ್ನುವವರಿಲ್ಲ.

ಎರಡನೆಯದು ಹೊತ್ತು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ತನಕ ಮಕ್ಕಳು ಶಾಲೆಗೆ ಹೊರಡುವ ಹೊತ್ತು, ಸಂಜೆ ನಾಲ್ಕೂವರೆಯಿಂದ ಆರೂವರೆ ಅವರು ಆಡುವ ಹೊತ್ತು. ಆಫೀಸಿಗೆ ಹೋಗುವವರಿಗೆ ಅನುಕೂಲ ಅಂತ ನೀವು ಬ್ಯಾಚುಗಳನ್ನು ಕೂಡಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಮೂರನೆಯದು ಒಂದೇ ರಸ್ತೆಗೆ ಅಂಟಿಕೊಳ್ಳುವುದು. ದಿನಕ್ಕೊಂದು ರಸ್ತೆಗೆ ಹೋದರೆ ಯಾರಿಗೂ ಹೊರೆಯಾಗುವುದಿಲ್ಲ. ಟಿ ತಿರುವಿನಲ್ಲಿ ರಿವರ್ಸ್ ಕಲಿಸಲು ನಮ್ಮ ಮೂಲೆಯೇ ಆಗಬೇಕು ಅಂತ ಎಲ್ಲ ಸ್ಕೂಲಿನವರೂ ಪಟ್ಟು ಹಿಡಿದರೆ ಆ ಮೂಲೆಮನೆಯವರು ಮನುಷ್ಯರಲ್ಲವೇ? ಅವರ ಗೇಟಿನ ಮುಂದೆ ರಿವರ್ಸ್ ಹಾರ್ನಿನ ಹಾಡು ಬೆಳಿಗ್ಗೆ ಆರರಿಂದ ಶುರು. ಅವರ ಮಗಳು ರಾತ್ರಿಪಾಳಿ ಮುಗಿಸಿ ಬಂದು ಮಲಗುವುದೂ ಆರಕ್ಕೇ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವಂಥದ್ದು. ಕಲಿಸುವಾತ ಫೋನು ನೋಡುವುದು. ನಾನೇ ಕಂಡಿದ್ದೇನೆ. ಕಲಿಯುವ ಹುಡುಗಿ ಸ್ಟೇರಿಂಗನ್ನು ಎರಡು ಕೈಯಲ್ಲಿ ಅವುಚಿ ಹಿಡಿದಿದ್ದಾಳೆ, ಬೆನ್ನು ಸೀಟಿಗೆ ತಾಗಿಲ್ಲ, ಎಡಗಡೆ ಕೂತಾತ ಯಾರೊಂದಿಗೋ ಫೋನಿನಲ್ಲಿ ಇನ್ನೊಬ್ಬರ ಆರ್‌ಸಿ ವರ್ಗಾವಣೆಯ ವ್ಯಾಪಾರ ಮಾತಾಡುತ್ತಿದ್ದಾನೆ. ಎರಡನೆಯ ಬ್ರೇಕು ಇದ್ದು ಏನು ಬಂತು, ಅದರ ಮೇಲಿರಬೇಕಾದ ಗಮನ ಇಲ್ಲದ ಮೇಲೆ? ನೀನು ಹಾಗಲ್ಲ ಅಂತ ನಂಬಿದ್ದೇನೆ. ನಿನ್ನ ಹತ್ತಿರ ಸಂಬಳಕ್ಕಿರುವ ಇಬ್ಬರು ಹುಡುಗರ ಬಗ್ಗೆ ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರಬೇಕು.

ನಮ್ಮವರನ್ನೂ ನಾನು ಬಿಟ್ಟಿಲ್ಲ. ಒಂದು ರಸ್ತೆಯವರು ಯಾರನ್ನೂ ಕೇಳದೆ ಸಿಮೆಂಟು ಹಾಕಿಸಿ ಹಂಪ್ ಕಟ್ಟಿಸಿದರು. ಬಣ್ಣವಿಲ್ಲ, ಬೋರ್ಡಿಲ್ಲ, ಎತ್ತರ ಮೊಣಕಾಲಿಗೆ ಬರುತ್ತದೆ. ಕಲಿಯುವವರ ಕಾರು ಆಫ್ ಆಗಿ ಹಿಂದಕ್ಕೆ ಉರುಳುವುದು ಅಲ್ಲೇ, ಅಂದರೆ ಅಪಾಯ ತಪ್ಪಿಸಲು ಹೋಗಿ ಅಪಾಯಕ್ಕೆ ಖಾಯಂ ಜಾಗ ಮಾಡಿಕೊಟ್ಟಂತಾಯಿತು. ಇನ್ನೊಂದು ರಸ್ತೆಯವರು ‘ಡ್ರೈವಿಂಗ್ ಸ್ಕೂಲ್ ವಾಹನಗಳಿಗೆ ಪ್ರವೇಶವಿಲ್ಲ’ ಅಂತ ತಾವೇ ಬೋರ್ಡು ಬರೆಸಿ ನಿಲ್ಲಿಸಿದ್ದಾರೆ. ಅದಕ್ಕೆ ಕಾನೂನಿನ ಬೆಲೆ ಇಲ್ಲ. ಜನ ಓಡಾಡುವ ಹಕ್ಕಿರುವ ರಸ್ತೆ ಸಾರ್ವಜನಿಕ ಸ್ಥಳ, ಅಲ್ಲಿ ವಾಹನಗಳಿಗೆ ನಿರ್ಬಂಧ ಹಾಕುವ ಅಧಿಕಾರ 1988ರ ಮೋಟಾರು ವಾಹನ ಕಾಯಿದೆಯ 115ನೇ ಕಲಮಿನಲ್ಲಿ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟವರಿಗೆ ಇದೆ, ಸಂಘದ ಖಜಾಂಚಿಗಿಲ್ಲ. ‘ಎಲ್ ಬೋರ್ಡಿನವರು ಗುದ್ದಿದರೆ ಇನ್ಶೂರೆನ್ಸ್ ಬರೋಲ್ಲ’ ಅಂತ ಒಬ್ಬರು ಹೆದರಿಸುತ್ತಿದ್ದರು. ಅದೂ ತಪ್ಪು. 2004ರಲ್ಲೇ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಲ್‌ಎಲ್ ಕೂಡ ಲೈಸೆನ್ಸೇ ಅಂತ ಹೇಳಿದೆ. ನಿಯಮ 3 ಪಾಲಿಸದೆ ಓಡಿಸಿದವರಿಗೆ ಕಂಪನಿ ತಕರಾರು ತೆಗೆಯಬಹುದು, ಆ ಭಯ ಇರಬೇಕಾದ್ದು ಎಲ್ ಬೋರ್ಡೂ ಹಾಕದೆ ಕಲಿಸುವ ಅಪ್ಪಂದಿರಿಗೆ. ಬೋರ್ಡು ಅಂದರೆ ಅಂಗೈಯಗಲದ ಸ್ಟಿಕ್ಕರಲ್ಲ, 18 ಸೆಂಟಿಮೀಟರಿನ ಚೌಕ, ಬಿಳಿಯ ಮೇಲೆ ಕೆಂಪಿನ ಎಲ್, ಅಕ್ಷರದ ಎತ್ತರ ಹತ್ತು ಸೆಂಟಿಮೀಟರು, ಮುಂದೂ ಹಿಂದೂ.

ಹಾಗೇ ಫುಟ್‌ಪಾತಿನ ವಿಷಯ. ನಮ್ಮ ರಸ್ತೆಯಲ್ಲಿ ಅದು ಇದೆಯೇ ಅಂತ ಕೇಳಿದರೆ ಇದೆ. ಒಬ್ಬರ ಮನೆಯ ಮುಂದೆ ದಾಸವಾಳದ ಕೈತೋಟ, ಇನ್ನೊಬ್ಬರ ಮನೆಯ ಮುಂದೆ ಕಾರು ಹತ್ತಿಸುವ ಇಳಿಜಾರು, ನಮ್ಮ ಮನೆ ಮುಂದೆ ನಿಮ್ಮ ಭಾವ ನಿಲ್ಲಿಸಿರುವ ಹಳೇ ಮಾರುತಿ. ನಡೆಯುವವರು ನಡುರಸ್ತೆಯಲ್ಲಿ ನಡೆಯಬೇಕು. ಅರ್ಜಿಯಲ್ಲಿ ಇದೂ ಇರಲಿ ಅಂದೆ. ಅದು ‘ಆಂತರಿಕ ವಿಷಯ’ವಂತೆ. ಮಾರುತಿಯನ್ನು ಮುಂದಿನ ವಾರ ಒಳಗೆ ತಳ್ಳಿಸುತ್ತೇನೆ, ಆಮೇಲೆ ಬಾಯಿ ಬಿಡಲು ನನಗೆ ಅಧಿಕಾರ ಬರುತ್ತದೆ.

ನಾನು ಬರೆಯಬೇಕೆಂದಿರುವ ಅರ್ಜಿಯ ಒಕ್ಕಣೆ ಹೀಗಿದೆ. ನಿಷೇಧ ಅನ್ನುವ ಮಾತು ತೆಗೆಯುತ್ತೇನೆ. ಮಕ್ಕಳ ಹೊತ್ತಿನಲ್ಲಿ ಬೆಳಿಗ್ಗೆ, ಸಂಜೆ ಕಲಿಕೆಯ ಗಾಡಿ ಬೇಡ, ಸ್ಕೂಲಿನದಾಗಲಿ ಸ್ವಂತದ್ದಾಗಲಿ. ಯಾವ ಸ್ಕೂಲು ಯಾವ ದಿನ ಯಾವ ರಸ್ತೆ ಅಂತ ಆರ್‌ಟಿಓ ಕಚೇರಿ ಸ್ಕೂಲುಗಳನ್ನು ಕರೆಸಿ ಹಂಚಿಕೊಡಲಿ. ಅಪ್ರಾಪ್ತರಿಗೆ ಗಾಡಿ ಕೊಟ್ಟವರ ಮೇಲೆ 199ಎ ಹಾಕಲಿ, ಮೊದಲ ಸಹಿಗೆ ಮುಂದೆ ಬಂದವರ ಮನೆಯಿಂದಲೇ ಶುರುವಾಗಲಿ. ನಾವು ಕಟ್ಟಿದ ಹಂಪನ್ನು ಪಾಲಿಕೆಯವರು ಒಡೆದು ಸರಿಯಾದ್ದು ಹಾಕಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ಪಾಠಕ್ಕೆ ಒಂದು ಬಯಲು ಕೊಡಲಿ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು ಅಂತ ಹೊಸ ಬಗೆ ಇದೆಯಲ್ಲ, ಸಿಮ್ಯುಲೇಟರು, ಟ್ರ್ಯಾಕು, ಕಾರಿಗೆ 29 ಗಂಟೆಯ ಪಾಠ, ಅಲ್ಲಿ ಪಾಸಾದರೆ ಆರ್‌ಟಿಓ ಟೆಸ್ಟೂ ಬೇಡ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಒಂದು ಎಕರೆ ಜಾಗ ಬೇಕು. ಎರಡು ಕಾರು ಇಟ್ಟುಕೊಂಡು ಹೊಟ್ಟೆ ಹೊರೆಯುವ ನಿನ್ನಂಥವರು ಮೈಸೂರಿನಲ್ಲಾಗಲಿ ಹಾಸನದಲ್ಲಾಗಲಿ ಎಕರೆ ಎಲ್ಲಿಂದ ತರುತ್ತೀರಿ? ಸರ್ಕಾರದ ಯಾವುದಾದರೂ ಖಾಲಿ ಮೈದಾನವನ್ನು ದಿನಕ್ಕೆ ಮೂರು ಗಂಟೆ ಬಾಡಿಗೆಗೆ ಕೊಟ್ಟರೂ ಸಾಕು. ಸ್ಕೂಲುಗಳೆಲ್ಲ ಸೇರಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವುದು ಎಷ್ಟು? ಬಾಡಿಗೆಯನ್ನು ಫೀಸಿನಲ್ಲಿ ಸೇರಿಸಿದರೆ ಕೊಡುತ್ತಾರೆ. ಹೊಸ ಕಾರಿಗೆ ಹತ್ತು ಲಕ್ಷ ಕೊಡುವವರು ಕಲಿಯಲು ಇನ್ನೊಂದು ಸಾವಿರ ಕೊಡಲಾರರೇ?

ಸಂಘದವರು ಈ ಅರ್ಜಿಗೆ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಅವರ ಅರ್ಜಿಯನ್ನು ಅವರೇ ಬರೆದುಕೊಳ್ಳಲಿ, ನನ್ನದನ್ನು ನನ್ನ ಹೆಸರಿನಲ್ಲೇ ಕೊಡುತ್ತೇನೆ.

ಕರಡನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ತಾಂತ್ರಿಕವಾಗಿ ಏನಾದರೂ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸು, ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಬಿಡಬೇಡ. ನಿಮ್ಮ ಹಾಸನದ ಸ್ಕೂಲಿನವರನ್ನೆಲ್ಲ ಒಂದು ದಿನ ಕಾಫಿಗೆ ಕರೆದು ಮಾತಾಡು. ಮೈದಾನದ ಅರ್ಜಿಯನ್ನು ಅಲ್ಲಿಂದ ನೀನೂ ಹಾಕು, ಎರಡು ಊರಿನಿಂದ ಹೋದರೆ ತೂಕ ಬರುತ್ತದೆ. ಅದು ಆಗುವ ತನಕ ನನಗಾಗಿ ಎರಡು ಕೆಲಸ ಮಾಡು. ಬರುವ ತಿಂಗಳ ಬ್ಯಾಚಿನಿಂದ ಹೊಸಬರ ಮೊದಲ ಮೂರು ಕ್ಲಾಸನ್ನು ಮನೆಗಳಿಲ್ಲದ ಕಡೆ ಕರೆದುಕೊಂಡು ಹೋಗಿ ಮಾಡಿಸು, ಪೆಟ್ರೋಲು ಎಷ್ಟೇ ಸುಡಲಿ. ನಿನ್ನ ಇಬ್ಬರು ಹುಡುಗರ ಫೋನುಗಳನ್ನು ಕ್ಲಾಸಿನ ಹೊತ್ತಿನಲ್ಲಿ ಆಫೀಸಿನ ಡ್ರಾಯರಿನಲ್ಲಿ ಇಡಿಸು.

ಮಕ್ಕಳಿಗೆ ಮುತ್ತು, ನಿನ್ನ ಹೆಂಡತಿಗೆ ನನ್ನ ಆಶೀರ್ವಾದ. ಕಾಫಿಪುಡಿ ಮರೆಯಬೇಡ.

ಇಂತಿ ನಿನ್ನ
ಅಕ್ಕ